ಅಜ್ಜಿಯ ಎಂಜಲು

“ಕೇಳಿರಪ್ಪಾ, ಹಾಲ್ಗೆರೆಯ ಗಂಡಸರು ಹೆಂಗಸರೆಲ್ಲ ಕೇಳಿರಿ. ಊರಿನ ಬಚ್ಚಲ ನೀರನ್ನು ತಿಳಿ ಮಾಡಿ ಕೆರೆಗೆ ಬಿಡುವ ಹೊಂಡಗಳಿಗೆ ಮುಪ್ಪು ಬಂದಿದೆ. ಮೂರು ಒಗಟು ಬಿಡಿಸಿದವರಿಗೆ ಹೊಸದನ್ನು ಕಟ್ಟಿಸುವ ಅಧಿಕಾರ. ತಪ್ಪಿದವರ ತಲೆ ಅರಮನೆಗೆ. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ಹಳೆಯ ಹೊಂಡಗಳನ್ನು ಮಣ್ಣು ತುಂಬಿ ಮುಚ್ಚಿ ಅದೇ ಜಾಗದಲ್ಲಿ ಹೊಸದು ಕಟ್ಟಲಾಗುವುದು.”

ಡಂಗುರದವನು ಹೀಗೆ ಸಾರಿ ಮುಂದಿನ ಬೀದಿಗೆ ಹೋದ. ಒಗಟುಗಳು ಅರಸ ಮಲ್ಲಭೂಪನವಲ್ಲ, ಹೊಂಡ ಕಟ್ಟಿಸಿದ ಅವನ ಮುತ್ತಜ್ಜನವು. ಇವುಗಳನ್ನು ಬಿಡಿಸದವರು ಹೊಂಡಕ್ಕೆ ಕೈ ಹಚ್ಚಕೂಡದೆಂದು ಬರೆದು, ಉತ್ತರದ ಓಲೆಯನ್ನೂ ಜೊತೆಗಿಟ್ಟು ಹೋಗಿದ್ದ. ಅವನ ಕಾಲಕ್ಕೆ ಊರಲ್ಲಿ ಇನ್ನೂರು ಮನೆ, ಈಗ ಎರಡು ಸಾವಿರ. ಹೊಂಡ ಮಾತ್ರ ಅದೇ ಎರಡು. ಕೆರೆ ಏರಿಯ ಮೇಲೆ ಮೂಗು ಮುಚ್ಚದೆ ಓಡಾಡುತ್ತಿದ್ದವರು ನೆಗಡಿಯವರು ಮಾತ್ರ. ಆ ನಾತ ತಾಳದೆ ಹುಣ್ಣಿಮೆಯ ಗಡುವನ್ನು ಸೇರಿಸಿದವನು ಮಲ್ಲಭೂಪನೇ.

ಹೊಂಡ ನೋಡಿಕೊಳ್ಳುತ್ತಿದ್ದವಳು ದ್ಯಾವೀರಿ, ಇಪ್ಪತ್ತರ ಹೆಣ್ಣು. ಡಂಗುರದ ಕೊನೆಯ ಮಾತು ಕೇಳಿ ಅವಳು ಕೈಲಿದ್ದ ಬುಟ್ಟಿಯನ್ನು ಕೆಳಗಿಟ್ಟಳು. ಹಳೆಯದನ್ನು ಮುಚ್ಚಿ ಹೊಸದು ಏಳಲು ವರ್ಷವಾದರೂ ಬೇಕು. ಅಲ್ಲಿಯವರೆಗೆ ಕೊಳಚೆಯೆಲ್ಲ ನೇರ ಕೆರೆಗೆ, ಕೆರೆಯಿಂದ ನೇರ ಕೊಡಕ್ಕೆ. ಹಿಂದಿನ ಬೇಸಗೆಯಲ್ಲಿ ಹೊಂಡ ಉಕ್ಕಿದಾಗ ಅವಳ ಅಕ್ಕನ ಕೂಸು ವಾಂತಿಭೇದಿಯಲ್ಲಿ ಹೋಗಿತ್ತು. ಇನ್ನೊಂದು ಕೂಸು ಹೋಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಹೇಳಿಬರಲು ಅರಮನೆಗೆ ಹೋದಳು. ಒಗಟು ಬಿಡಿಸಲು ಬಂದವರಿಗಷ್ಟೇ ಒಳಗೆ ದಾರಿ ಎಂದು ಕಾವಲಿನವನು ಮೂಗು ಹಿಡಿದುಕೊಂಡೇ ತಿಳಿಸಿದ.

ಅಷ್ಟರಲ್ಲಿ ಅಧಿಕಾರದ ಆಸೆಗೆ ಮೂವರು ಬಂದಿದ್ದರು. ಅರಸ ಒಬ್ಬೊಬ್ಬರಿಗೆ ತನಗೆ ತೋಚಿದ ಒಗಟನ್ನು ಮೊದಲು ಕೇಳುತ್ತಿದ್ದ. ಜವಳಿಯ ಮುದ್ದುಶೆಟ್ಟಿಗೆ ಕೇಳಿದ್ದು ಇದು: “ದಿನವೂ ಎಲ್ಲ ಮನೆಯಿಂದ ಹೊರಡುತ್ತದೆ, ಯಾರೂ ಬೀಳ್ಕೊಡುವುದಿಲ್ಲ. ಎಲ್ಲ ಮನೆಗೂ ಮರಳಿ ಬರುತ್ತದೆ, ಯಾರೂ ಗುರುತು ಹಿಡಿಯುವುದಿಲ್ಲ.” ಶೆಟ್ಟಿ ಗಾಳಿಸುದ್ದಿ ಎಂದ. ಸುದ್ದಿಯನ್ನು ಬಾಗಿಲ ತನಕ ಬಂದು ಬೀಳ್ಕೊಡುವವರೇ ಹೆಚ್ಚು ಎಂದು ಹೇಳಿ ಅರಸ ಅವನನ್ನು ಸೆರೆಗೆ ಕಳಿಸಿದ.

ದಳವಾಯಿಯ ಮಗನಿಗೆ ಎರಡನೆಯದು: “ಹಬ್ಬದ ದಿನ ಇಮ್ಮಡಿ ದುಡಿಮೆ. ದುಡಿಯುವ ತನಕ ಯಾರೂ ನೆನೆಯುವುದಿಲ್ಲ. ಕೈಬಿಟ್ಟ ದಿನ ಊರೆಲ್ಲ ಅದರದೇ ಮಾತು.” ಹೊಸದಾಗಿ ಮದುವೆಯಾಗಿದ್ದ ಅವನು ಸೊಸೆ ಎಂದುಬಿಟ್ಟ. ಸಭೆಯ ಹೆಂಗಸರು ತಲೆದೂಗಿದರು. ಸೊಸೆಯನ್ನು ಅತ್ತೆ ದಿನಕ್ಕೆ ಹತ್ತು ಸಲ ನೆನೆಯುತ್ತಾಳಲ್ಲ ಎಂದು ಅರಸ ಅವನನ್ನೂ ಕಳಿಸಿದ.

ಪರವೂರಿನ ಶಿಲ್ಪಿಗೆ ಮೂರನೆಯದು ಬಂತು: “ಅಜ್ಜಿ ತೀರಿದ ಮೇಲೆ ಹುಟ್ಟಿದ ಮೊಮ್ಮಗಳಿಗೆ ಉಸಿರಿಲ್ಲ. ಅಜ್ಜಿ ಇರುವಾಗಲೇ ತನ್ನ ಎಂಜಲನ್ನು ಕೂಸಿನ ಬಾಯಿಗಿಟ್ಟರೆ ಬದುಕುತ್ತದೆ. ಏನದು ಎಂಜಲು?” ಕಲ್ಲು ಎಂದ ಶಿಲ್ಪಿ. ಹಳೆಯ ಹೊಂಡ ಒಡೆದು ಅದರ ಕಲ್ಲಿನಿಂದ ಹೊಸದು ಕಟ್ಟಬೇಕಂತೆ. ಅವನೂ ಸೆರೆಗೆ ಹೋದ. ಹುಣ್ಣಿಮೆಯ ಮರುದಿನ ಮೂವರ ತಲೆಯೂ ಇಳಿಯುವುದಿತ್ತು.

ಹುಣ್ಣಿಮೆಯ ಬೆಳಗ್ಗೆ ದ್ಯಾವೀರಿ ಮಿಂದು ಒಗೆದ ಸೀರೆ ಉಟ್ಟು ಸಭೆಗೆ ಬಂದಳು. ಸೋತರೆ ತಲೆ ಹೋಗುವುದು ಗೊತ್ತೇ ಎಂದು ಅರಸ ಕೇಳಿದ. ಗೊತ್ತೆಂದಳು.

ಮೊದಲನೆಯದಕ್ಕೆ ಅವಳು ತಡೆಯಲೇ ಇಲ್ಲ. ಬಚ್ಚಲ ನೀರು ಎಂದಳು. ಮೋರಿಗೆ ಬಿಟ್ಟದ್ದೇ ಕೆರೆ ಸೇರಿ ಕೊಡದಲ್ಲಿ ಮನೆಗೆ ಬರುತ್ತದಲ್ಲ. ಎರಡನೆಯದು ಹೊಂಡ. ಹಬ್ಬಕ್ಕೆ ಊರೆಲ್ಲ ಎಣ್ಣೆ ನೀರು ಹಾಕಿಕೊಂಡ ದಿನ ಅದಕ್ಕೂ ಅವಳಿಗೂ ಹಬ್ಬವಿಲ್ಲ. ಅರಸ ಓಲೆ ನೋಡಿ ಎರಡೂ ಸರಿ ಎಂದ. ಮೂರನೆಯದಕ್ಕೆ ಅವಳು ಹೇಳಿದಳು:

“ಹೆಪ್ಪು, ಬುದ್ಧಿ.”

ಓಲೆಯಲ್ಲೂ ಹೆಪ್ಪು ಎಂಬ ಅದೊಂದೇ ಪದ ಇತ್ತು. ಅದರ ಅರ್ಥ ಅರಸನಿಗೇ ಆಗಿರಲಿಲ್ಲ. ಮೊಸರಿಗೂ ಹೊಂಡಕ್ಕೂ ಎಲ್ಲಿಯ ನಂಟು ಎಂದು ಕೇಳಿದ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ದ್ಯಾವೀರಿ ಹುರುಪಿನಿಂದ ಒಂದು ಹೊಂಡವನ್ನು ತಳ ಕಾಣುವಂತೆ ತಿಕ್ಕಿ ತೊಳೆದಿದ್ದಳು. ಮದುವೆಮನೆಯ ಹಂಡೆಯಂತೆ ಹೊಳೆಯಿತು. ಆಮೇಲೆ ನಲವತ್ತು ದಿನ ಅದರಿಂದ ಹೊರಬಂದದ್ದು ಬರೀ ಹೊಲಸು ನೀರು. ಪಕ್ಕದ ಹೊಂಡದ ತಳದ ಕೆಸರು ರೊಚ್ಚನ್ನು ತಂದು ಸುರಿದ ಮೇಲೆಯೇ ಅದು ಸುಧಾರಿಸಿದ್ದು. ಅದನ್ನೆಲ್ಲ ಹೇಳಿ ಕೊನೆಗೆ ಅಂದಳು:

“ತಳದಾಗೆ ಕುಂತಿರೋ ಕರಿ ರೊಚ್ಚು ಬರೀ ಕೆಸರಲ್ಲ ಬುದ್ಧಿ, ಅದರಾಗೆ ಜೀವ ಅದೆ. ಕೊಳೆ ತಿನ್ನೋದು ಅದೇಯ. ಹೊಸ ಹೊಂಡ ಎಷ್ಟು ಚೆಂದಾಗಿ ಕಟ್ಟುದ್ರೂ ಬರೀ ಪಾತ್ರೆ. ಹಳೇದ ಮೊದ್ಲೇ ಮುಚ್ಚುಬುಟ್ರೆ ಹೆಪ್ಪ ಎಲ್ಲಿಂದ ತರಾನ?”

ಅರಸ ಕಟ್ಟಿಸುವ ಅಧಿಕಾರದ ಉಂಗುರವನ್ನು ಅವಳಿಗೆ ಕೊಟ್ಟು, ಇನ್ನೇನು ಬೇಕೋ ಕೇಳೆಂದ.

“ಸೆರೇಲಿರೋ ಆ ಮೂರು ತಲೆ ಕೊಡಿ. ಮೈಮೇಲೇ ಇರ್ಲಿ. ಹೆಪ್ಪು ಹೊರಾಕೆ ಬೇಕು.”

ಹಳೆಯ ಹೊಂಡಗಳು ದುಡಿಯುತ್ತಿರುವಾಗಲೇ ಅವುಗಳ ಪಕ್ಕದಲ್ಲಿ ಆರು ಹೊಸ ಹೊಂಡ ಎದ್ದವು. ಶೆಟ್ಟಿ ಜರಿ ರುಮಾಲನ್ನೇ ಸಿಂಬಿ ಸುತ್ತಿ ರೊಚ್ಚಿನ ಕೊಡ ಹೊತ್ತ. ಹಿಂದೆ ದಳವಾಯಿಯ ಮಗ, ಅವನ ಹಿಂದೆ ಶಿಲ್ಪಿ. ಹೊಸ ಹೊಂಡಗಳ ನೀರು ತಿಳಿಯಾಗಿ ಕೆರೆಗೆ ಇಳಿದ ಮೇಲೆ ಹಳೆಯ ಹೊಂಡಕ್ಕೆ ಮೊದಲ ಬುಟ್ಟಿ ಮಣ್ಣನ್ನು ದ್ಯಾವೀರಿಯೇ ಹಾಕಿದಳು. ಹಾಕುವಾಗ ಅತ್ತಳು.

ಅದರ ಮುಂದಿನ ಬೇಸಗೆ ಹಾಲ್ಗೆರೆಯಲ್ಲಿ ಒಂದು ಕೂಸೂ ವಾಂತಿಭೇದಿಗೆ ಹೋಗಲಿಲ್ಲ. ಊರು ಹೊಂಡವನ್ನು ಮರೆತೇಬಿಟ್ಟಿತು. ದ್ಯಾವೀರಿಗೆ ಬೇಕಾಗಿದ್ದದ್ದೂ ಅದೇ.