ಯಾರಾದರೂ ಬಂದರೆ

“ಮೇಷ್ಟ್ರೇ, ಇಲ್ಲದ್ದನ್ನು ಹೇಳುವುದಕ್ಕೂ ಇಂಗ್ಲಿಷಿನವರು ಒಂದು ವ್ಯಾಕರಣ ಮಾಡಿಟ್ಟಿದ್ದಾರಲ್ಲ, ಇದು ಯಾವ ನ್ಯಾಯ?”

ಹೀಗೆ ಕೇಳಿದವನು ಚೆನ್ನವೀರ. ಪೊಲೀಸ್ ಠಾಣೆಯಲ್ಲಿ ದೂರು, ಹೇಳಿಕೆ ಬರೆದುಕೊಳ್ಳುವ ರೈಟರ್. ಬಡ್ತಿಯ ಪರೀಕ್ಷೆಗೆ ಇಂಗ್ಲಿಷ್ ಬೇಕಾಗಿ, ಭಾನುವಾರದ ಬೆಳಗ್ಗೆ ನಿವೃತ್ತ ಪರಪ್ಪ ಮೇಷ್ಟ್ರ ಜಗಲಿಗೆ ಬಂದು ಕೂರುತ್ತಿದ್ದ. ಅಂದಿನ ಪಾಠ ‘ಇಫ್ ಐ ವರ್ ಯು’. ನಾನು ನೀನಾಗಿದ್ದರೆ, ಎಂದು ಮೇಷ್ಟ್ರು ಅರ್ಥ ಹೇಳಿದ್ದರು. ಚೆನ್ನವೀರನಿಗೆ ಅಲ್ಲಿಯೇ ಅನುಮಾನ ಹತ್ತಿತು. ನಾನು ನೀನಲ್ಲ, ಆಗುವುದೂ ಇಲ್ಲ. ಅಂದ ಮೇಲೆ ಮಾತು ಸುಳ್ಳು. ಸಾಲದ್ದಕ್ಕೆ ‘ಐ’ ಎಂಬ ಒಬ್ಬನ ಪಕ್ಕದಲ್ಲಿ ‘ವಾಸ್’ ಇರಬೇಕಾದ ಜಾಗದಲ್ಲಿ ‘ವರ್’ ಬಂದು ನಿಂತಿದೆ. ಒಬ್ಬನೇ ಇರುವ ಕಡೆ ಬಹುವಚನಕ್ಕೆ ಏನು ಕೆಲಸ? ಆ ಎರಡನೆಯವನು ಯಾರು?

ಮೇಷ್ಟ್ರು ನಗಲಿಲ್ಲ. ನಗಬಹುದಾದ ಮಾತು ಅದಾಗಿತ್ತು. ಆದರೆ ಅದರ ಬೇರು ಎಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ಆ ಬೀದಿಗೆಲ್ಲ ಗೊತ್ತಿತ್ತು. ಚೆನ್ನವೀರ ಕೆಲವು ದಿನಗಳಿಂದ ಮನೆಯ ಊಟ ಬಿಟ್ಟು ಖಾನಾವಳಿಯಲ್ಲಿ ಉಣ್ಣುತ್ತಿದ್ದ. ಅವನ ಹೆಂಡತಿ ನೀಲವ್ವ ಒಂದು ಸಂಜೆ ರೊಟ್ಟಿ ಬಡಿಯುತ್ತ, ನಾನು ಮುಂದೆ ಓದಿದ್ದಿದ್ದರೆ ಈಗ ಎಲ್ಲಿರುತ್ತಿದ್ದೆನೋ, ಎಂದು ತನ್ನಷ್ಟಕ್ಕೆ ಅಂದುಕೊಂಡಿದ್ದಳು. ಎಲ್ಲಿ ಎಂದು ಇವನು ಕೇಳಿದ. ಅವಳು ನಕ್ಕಳು. ಯಾರ ಜೊತೆ ಎಂದು ಕೇಳಿದ. ಅವಳು ನಗುವುದನ್ನು ನಿಲ್ಲಿಸಿದಳು. ನಕ್ಕದ್ದೂ ನಿಲ್ಲಿಸಿದ್ದೂ ಎರಡೂ ಇವನಿಗೆ ಸಾಕ್ಷಿಯಾಗಿ ಕಂಡವು. ಬಂದು ತಂಗಿಯನ್ನು ಕರೆದುಕೊಂಡು ಹೋಗಲಿ ಎಂದು ಅವಳ ಅಣ್ಣನಿಗೆ ಹೇಳಿಕಳಿಸಿಯೂ ಆಗಿತ್ತು. ಅಣ್ಣ ಮರುದಿನ ಬರುವವನಿದ್ದ.

ಮೇಷ್ಟ್ರು ಪುಸ್ತಕ ಮುಚ್ಚಿದರು. “ವ್ಯಾಕರಣ ಆಮೇಲೆ ನೋಡೋಣ. ಒಬ್ಬ ವ್ಯಾಪಾರಿಯ ಕತೆ ಇದೆ, ಕೇಳು,” ಎಂದರು.

ಒಂದು ಊರಿನಲ್ಲಿ ಒಬ್ಬ ಇಂಗಿನ ವ್ಯಾಪಾರಿ. ಇಂಗಿನಷ್ಟು ಕಲಬೆರಕೆ ಇನ್ನೊಂದು ಸರಕಿನಲ್ಲಿಲ್ಲ. ಗೋಂದು ಬೆರೆಸುವವರುಂಟು, ಹಿಟ್ಟು ಬೆರೆಸುವವರುಂಟು, ಮಣ್ಣು ಬೆರೆಸಿ ಮೇಲೆ ಇಂಗು ಸವರುವ ಪುಣ್ಯಾತ್ಮರೂ ಉಂಟು. ಆದ್ದರಿಂದ ಆ ವ್ಯಾಪಾರಿ ಯಾವುದನ್ನೂ ಮೂಸದೆ ನಂಬುತ್ತಿರಲಿಲ್ಲ. ಕೊಡುವವನನ್ನು ನಂಬನು, ಕೊಳ್ಳುವವನನ್ನು ನಂಬನು, ತನ್ನ ತಕ್ಕಡಿಯನ್ನೂ ಬೆಳಗ್ಗೆ ಒಮ್ಮೆ ಎತ್ತಿ ನೋಡಿಯೇ ಕೂರುವನು. ವ್ಯಾಪಾರದಲ್ಲಿ ಈ ಗುಣ ಅವನನ್ನು ಕಾಪಾಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಂಗಡಿಯ ಬಾಗಿಲು ಹಾಕುವಾಗ ಅವನು ಅದನ್ನು ಒಳಗಿಟ್ಟು ಬರಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದ.

ಮನೆಯಲ್ಲಿ ಹೊಸ ಹೆಂಡತಿ. ಅವಳ ತವರಿನಲ್ಲಿ ಒಂದು ಪದ್ಧತಿ. ಅಡುಗೆಗೆ ಅಕ್ಕಿ ಅಳೆಯುವಾಗ ಮನೆಯವರದ್ದನ್ನೆಲ್ಲ ಪಾವಿನಲ್ಲಿ ಅಳೆದು ಹಾಕುವುದು. ಕೊನೆಗೆ ‘ಯಾರಾದರೂ ಬಂದರೆ’ ಎಂದು ಬಾಯಲ್ಲಿ ಅಂದು, ಒಂದು ಹಿಡಿ ಹೆಚ್ಚಿಗೆ ಹಾಕುವುದು. ಅಜ್ಜಿ ಹಾಕುತ್ತಿದ್ದಳು, ತಾಯಿ ಹಾಕುತ್ತಿದ್ದಳು, ಇವಳೂ ಹಾಕಿದಳು. ದಾರಿಹೋಕ ಬಂದರೆ ಅವನಿಗೆ, ಭಿಕ್ಷೆಯವನು ಬಂದರೆ ಅವನಿಗೆ. ಯಾರೂ ಬಾರದಿದ್ದರೆ ಮರುದಿನ ಬೆಳಗ್ಗೆ ಮಜ್ಜಿಗೆ ಹಾಕಿಕೊಂಡು ತಾನೇ ತಿನ್ನುವಳು.

ಒಂದು ದಿನ ಇದು ವ್ಯಾಪಾರಿಯ ಕಿವಿಗೆ ಬಿತ್ತು.

“ಯಾರು ಬರುತ್ತಾರೆ?” ಎಂದು ಕೇಳಿದ.

“ಯಾರೂ ಇಲ್ಲ,” ಎಂದಳು.

“ಯಾರೂ ಇಲ್ಲದಿದ್ದರೆ ಅಕ್ಕಿ ಯಾರಿಗೆ?”

“ಬಂದರೆ, ಅಂತ.”

ವ್ಯಾಪಾರಿ ರುಮಾಲು ಸುತ್ತಿಕೊಂಡು ಅಂಗಡಿಗೆ ಹೊರಟ. ಅವನ ಅಂಗಡಿಯಲ್ಲಿ ಒಂದು ರೀತಿ ಇತ್ತು. ಗಿರಾಕಿ ಇಲ್ಲದೆ ಅವನು ಎಂದೂ ಇಂಗು ತೂಗಿದವನಲ್ಲ. ತೂಗಿ ಪೊಟ್ಟಣ ಕಟ್ಟಿದ ಮೇಲೆ ಗಾಳಿಗೆ ವಾಸನೆ ಹೋಗುತ್ತದೆ, ಸರಕು ಹಾಳು. ಎಲ್ಲಿಯಾದರೂ ಒಂದು ಪೊಟ್ಟಣ ಕಟ್ಟಿಟ್ಟಿದೆ ಎಂದರೆ, ಅದಕ್ಕೊಬ್ಬ ಗಿರಾಕಿ ಗೊತ್ತಾಗಿದ್ದಾನೆ ಎಂದೇ ಲೆಕ್ಕ. ಅಡುಗೆಮನೆಯಲ್ಲಿ ದಿನವೂ ಒಂದು ಪೊಟ್ಟಣ ಕಟ್ಟಿಡುತ್ತಿದ್ದಾಳೆ. ಗಿರಾಕಿ ಯಾರು?

ಅಂದಿನಿಂದ ಅವನಿಗೆ ನೆಮ್ಮದಿ ಹೋಯಿತು. ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬರುವನು. ಬಾಗಿಲಲ್ಲಿ ಬಿಟ್ಟ ಚಪ್ಪಲಿ ತನ್ನದೇ ಹಳೆಯದಾದರೂ ತಿರುಗಿಸಿ ನೋಡುವನು. ಪಾತ್ರೆಗೆ ಕಲಾಯಿ ಹಾಕುವವನು ಬೀದಿಯಲ್ಲಿ ಕೂಗಿದರೆ, ಇವನು ನಮ್ಮ ಮನೆಯ ಮುಂದೆಯೇ ಯಾಕೆ ಗಂಟಲು ಬಿಚ್ಚಬೇಕು ಎಂದು ಯೋಚಿಸುವನು. ಪಕ್ಕದ ಮನೆಯ ಮುದುಕಿಯನ್ನು ಕರೆದು, ನಮ್ಮಲ್ಲಿಗೆ ಯಾರಾದರೂ ಬರುತ್ತಾರೆಯೇ ಎಂದು ಸುತ್ತುಬಳಸಿ ವಿಚಾರಿಸಿದ. ಬರುತ್ತಾರಪ್ಪ, ದಿನವೂ ಒಬ್ಬ ಬರುತ್ತಾನೆ, ಬಂದವನೇ ಚಪ್ಪಲಿ ನೋಡುತ್ತಾನೆ, ಎಂದು ಮುದುಕಿ ಎಲೆಯಡಿಕೆ ಜಗಿಯುತ್ತ ಹೇಳಿದಳು. ಅದು ತನ್ನ ವಿಷಯವೇ ಎಂದು ಹೊಳೆಯಲು ವ್ಯಾಪಾರಿಗೆ ಮನೆ ಮುಟ್ಟುವಷ್ಟು ಹೊತ್ತು ಹಿಡಿಯಿತು. ಹೊಳೆದ ಮೇಲೆ ಮುದುಕಿಯ ಮೇಲೂ ಅನುಮಾನ ಬಂತು; ಇವಳೂ ಆ ಕಡೆಯವಳೇ ಎಂದುಕೊಂಡ.

ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ಬರುವವನನ್ನು ಕಣ್ಣಾರೆ ನೋಡುವುದು. ನೋಡಿ, ಅಂದೇ ಹೆಂಡತಿಯನ್ನು ತವರಿಗೆ ಕಳಿಸಿಬಿಡುವುದು. ಗಾಡಿಯವನನ್ನು ಕಂಡು, ಸಂಜೆ ಬಾ, ಒಂದು ಪೆಟ್ಟಿಗೆ, ಒಬ್ಬರು ಹೆಂಗಸರು, ಎಂದು ಹೇಳಿಟ್ಟ. ಮನೆಯಲ್ಲಿ ದೂರದ ಸಂತೆಗೆ ಹೋಗುತ್ತೇನೆ, ಊಟಕ್ಕೆ ಕಾಯಬೇಡ, ಎಂದ. ಬುತ್ತಿ ಕಟ್ಟಿಕೊಡುತ್ತೇನೆ ಎಂದರೆ ಬೇಡವೆಂದ. ಬೀದಿಯ ತಿರುವಿನವರೆಗೆ ಹೋದ. ಹೆಂಡತಿ ನೀರಿಗೆ ಹೊರಟದ್ದನ್ನು ನೋಡಿ ಹಿತ್ತಿಲ ಕಡೆಯಿಂದ ಒಳಬಂದು, ಅಡುಗೆಮನೆಯ ಮೇಲಿನ ಅಟ್ಟ ಹತ್ತಿ, ಉಪ್ಪಿನಕಾಯಿಯ ಜಾಡಿಗಳ ನಡುವೆ ಕುಳಿತ. ತನ್ನ ಮನೆಯ ಅಟ್ಟದಲ್ಲಿ ತಾನೇ ಕಳ್ಳನಂತೆ ಕುಳಿತಿದ್ದೇನೆ ಎಂಬುದು ಅವನಿಗೆ ತೋಚಲಿಲ್ಲ. ಹಲಗೆಯ ಸಂದಿಯಲ್ಲಿ ಒಲೆ ಕಾಣುತ್ತಿತ್ತು. ತಲೆ ಓರೆ ಮಾಡಿದರೆ ಹೊಸ್ತಿಲೂ ಕಾಣುತ್ತಿತ್ತು.

ಹೆಂಡತಿ ನೀರು ತಂದಳು. ಒಲೆ ಹೊತ್ತಿಸಿದಳು. ಗಂಡ ಊರಲ್ಲಿಲ್ಲ, ದಿನವೂ ಅವನಿಗೆಂದು ತುಂಬುವ ದೊಡ್ಡ ಪಾವನ್ನು ಅವಳು ಮುಟ್ಟಲಿಲ್ಲ. ತನ್ನ ಒಬ್ಬಳ ಮಟ್ಟಿಗೆ ಅಳೆದು ಹಾಕಿದಳು. ವ್ಯಾಪಾರಿ ಸಂದಿಗೆ ಕಣ್ಣು ಹಚ್ಚಿದ. ಅವಳ ಕೈ ಮತ್ತೆ ಅಕ್ಕಿಯ ಡಬ್ಬಕ್ಕೆ ಹೋಯಿತು. “ಯಾರಾದರೂ ಬಂದರೆ,” ಎಂದಳು. ಒಂದು ಹಿಡಿ ಹಾಕಿದಳು.

ಸಿಕ್ಕಿಬಿದ್ದಳು, ಎಂದುಕೊಂಡ ವ್ಯಾಪಾರಿ. ಗಂಡ ಹೊರಟದ್ದೇ ತಡ.

ಅನ್ನ ಬೆಂದಿತು. ಸಾರು ಕುದಿಯಿತು. ಒಗ್ಗರಣೆಗೆ ಇಂಗು ಬಿತ್ತು. ಅವನದೇ ಅಂಗಡಿಯ ಇಂಗು, ಕಲಬೆರಕೆ ಇಲ್ಲದ್ದು. ಅದರ ಘಮ ನೇರ ಅಟ್ಟಕ್ಕೆ ಏರಿತು. ಬೆಳಗಿನಿಂದ ಖಾಲಿ ಇದ್ದ ಹೊಟ್ಟೆ ಮಾತಾಡತೊಡಗಿತು. ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. ಹೆಂಡತಿ ಉಣ್ಣಲು ಕೂರುವ ಮೊದಲು ಹೊಸ್ತಿಲಿಗೆ ಹೋಗಿ ಬೀದಿಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ದಾರಿ ಕಾಯುತ್ತಿದ್ದಾಳೆ, ಇನ್ನೇನು ಬಂದ, ಎಂದು ವ್ಯಾಪಾರಿ ಕತ್ತು ಚಾಚಿದ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅವಳು ತುಸು ಹೊತ್ತು ನಿಂತಳು. ಆಮೇಲೆ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಳು.

ವ್ಯಾಪಾರಿಯಿಂದ ತಡೆಯಲಾಗಲಿಲ್ಲ. ಅನುಮಾನವನ್ನು ಬೇಕಾದರೆ ಇನ್ನೊಂದು ದಿನ ನೋಡಿಕೊಳ್ಳಬಹುದು, ಈ ಹಸಿವನ್ನು ನೋಡಿಕೊಳ್ಳುವುದು ಈಗಲೇ ಆಗಬೇಕು ಎನ್ನಿಸಿತು. ಸದ್ದಿಲ್ಲದೆ ಇಳಿದು ಮುಂಬಾಗಿಲಿನಿಂದ ಹೊರಬಿದ್ದ. ಮೈಮೇಲಿನ ಜೇಡರಬಲೆ ಕೊಡವಿ, ರುಮಾಲು ಸರಿಮಾಡಿಕೊಂಡು, ದೂರದಿಂದ ನಡೆದು ಬಂದವನ ಹಾಗೆ ಬಾಗಿಲಲ್ಲಿ ನಿಂತ. ಸಂತೆ ನೆರೆದಿರಲಿಲ್ಲ ಎಂದ. ಹೆಂಡತಿ ಯಾಕೆ, ಏನು ಎಂದು ಕೇಳಲಿಲ್ಲ. ಕಾಲಿಗೆ ನೀರು ಕೊಟ್ಟಳು, ಎಲೆ ಹಾಕಿದಳು, ಅನ್ನ ಬಡಿಸಿದಳು.

ತುತ್ತು ಎತ್ತುವ ಮೊದಲು ಅವನು ಕೇಳಿದ: “ನಾನು ಬರುತ್ತೇನೆಂದು ನಿನಗೆ ಗೊತ್ತಿತ್ತೇ?”

“ಇಲ್ಲ,” ಎಂದಳು.

“ಹಾಗಾದರೆ ಈ ಅನ್ನ ಯಾರದ್ದು?”

“ಯಾರಾದರೂ ಬಂದರೆ ಎಂದು ಹಾಕಿದ್ದೆ. ನೀವು ಬಂದಿರಿ.”

ವ್ಯಾಪಾರಿ ಉಂಡ. ಅವನ ಊಟ ದೊಡ್ಡದು. ಹಿಡಿ ಅಕ್ಕಿಯ ಅನ್ನ ಬೇಗ ಮುಗಿಯಿತು, ಹಸಿವು ಮುಗಿಯಲಿಲ್ಲ. ಪಾತ್ರೆಯ ಕಡೆ ನೋಡಿದ, ತಳ ಕಾಣುತ್ತಿತ್ತು. ಹೆಂಡತಿ ತನಗೆಂದು ತೆಗೆದಿಟ್ಟಿದ್ದ ಪಾಲನ್ನು ಬಡಿಸಲು ಬಂದಾಗ ಎಲೆಯ ಮೇಲೆ ಅಡ್ಡ ಕೈ ಹಿಡಿದು, ಸಾಕು ಎಂದ. ಮದುವೆಯಾದಂದಿನಿಂದ ಆ ಮನೆಯಲ್ಲಿ ಅವನು ಅರೆಹೊಟ್ಟೆಯಲ್ಲಿ ಎದ್ದದ್ದು ಅಂದೇ ಮೊದಲು.

ಸಂಜೆ ಗಾಡಿ ಬಂತು. ಪೆಟ್ಟಿಗೆ ಎಲ್ಲಿ, ಹೊರಡುವವರು ಯಾರು, ಎಂದು ಗಾಡಿಯವನು ಕೇಳಿದ. ವ್ಯಾಪಾರಿ ಜಗಲಿಯಿಂದ ಇಳಿದು ಬಂದ. ಯಾರೂ ಇಲ್ಲ, ಬಂದಿದ್ದೀಯಲ್ಲ, ಉಂಡು ಹೋಗು, ಎಂದ. ಮಧ್ಯಾಹ್ನದ ಹಿಡಿಯನ್ನು ತಾನು ತಿಂದು ಮುಗಿಸಿದ್ದು ಆಗ ನೆನಪಾಗಿ, ತಾನೇ ಒಳಗೆ ಹೋಗಿ ಅಕ್ಕಿಯ ಡಬ್ಬದ ಮುಚ್ಚಳ ತೆಗೆದ.

ಮೇಷ್ಟ್ರು ಕತೆ ನಿಲ್ಲಿಸಿದರು. ಊಟದ ಹೊತ್ತಾಗಿತ್ತು. ಖಾನಾವಳಿಯ ಕಡೆಯಿಂದ ತಟ್ಟೆಗಳ ಸದ್ದು ಕೇಳುತ್ತಿತ್ತು. ಚೆನ್ನವೀರ ಆ ಕಡೆ ನೋಡಲಿಲ್ಲ. ಕತೆ ಅವನನ್ನು ಎಲ್ಲಿಯೋ ಮುಟ್ಟಿತ್ತು; ಆದರೆ ಠಾಣೆಯಲ್ಲಿ ವರ್ಷಗಟ್ಟಲೆ ಹೇಳಿಕೆ ಬರೆದುಕೊಂಡ ಕೈ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

“ಒಂದು ಮಾತು, ಮೇಷ್ಟ್ರೇ,” ಎಂದ. “ಅವನು ಇಂಗಿನ ವ್ಯಾಪಾರಿ. ಮೈಯೆಲ್ಲ ಇಂಗಿನ ವಾಸನೆ. ಅಟ್ಟದ ಮೇಲೆ ಗಂಡ ಕೂತಿರುವುದು ಅವಳ ಮೂಗಿಗೆ ಗೊತ್ತಾಗಿರಲೇಬೇಕು. ಗೊತ್ತಿದ್ದೇ, ಅವನಿಗೆ ಕೇಳಲಿ ಎಂದು ಹಾಗೆ ಆಡಿರಬಹುದಲ್ಲ?”

ಮೇಷ್ಟ್ರು ಎದ್ದು ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡರು.

“ಗೊತ್ತಿದ್ದಿದ್ದರೆ ಅವಳು ಗಂಡನ ಪಾವನ್ನೇ ತುಂಬುತ್ತಿದ್ದಳು, ಚೆನ್ನವೀರ. ಅಟ್ಟ ಹತ್ತಿ ಕೂತದ್ದಕ್ಕೆ ಅವನಿಗೆ ದಾರಿಹೋಕನ ಪಾಲು ಸಿಕ್ಕಿತು.”

ಚೆನ್ನವೀರ ಜಗಲಿಯಿಂದ ಇಳಿದು, ಖಾನಾವಳಿಯ ಕಡೆಗಲ್ಲ, ಮನೆಯ ಕಡೆಗೆ ಹೊರಟ.