ಹಾಲಿನ ಲೋಟ ಯಾರಿಗೆ?

ಪುಸ್ತಕಗಳು ಕಂಪ್ಯೂಟರಿನಲ್ಲಿ ತಯಾರಾಗದ ಕಾಲವದು. ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ. ಅವನ್ನು ಆರಿಸಿ, ಸಾಲಾಗಿ ಜೋಡಿಸಿ, ಮಸಿ ಬಳಿದು ಅಚ್ಚು ಹಾಕಬೇಕಿತ್ತು. ಗದಗಿನಲ್ಲಿ ಚನ್ನವೀರಪ್ಪನವರ ಪ್ರೆಸ್ಸು ಅಂಥದ್ದು. ಜೈನಾಬಿ ಅಲ್ಲಿ ಪುಸ್ತಕ ಹೊಲಿಯುತ್ತಿದ್ದಳು. ಯಂತ್ರದ ಸದ್ದು, ಹಸಿ ಮಸಿಯ ವಾಸನೆ, ಗೋಡೆಗೊರಗಿ ಕೂತ ಹೆಂಗಸರ ಹರಟೆ, ಇವುಗಳ ನಡುವೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಮಾತ್ರ ಅವಳ ಮನಸ್ಸು ಕಹಿಯಾಗುತ್ತಿತ್ತು. ಮೊಳೆ ಜೋಡಿಸುವವರಿಗೆ ಸಂಬಳದ ಜೊತೆಗೆ ದಿನಾ ಒಂದು ಲೋಟ ಬಿಸಿ ಹಾಲು. ಹೊಲಿಯುವವರಿಗೆ ಇಲ್ಲ.

ಒಂದು ದಿನ ಅವಳು ಧೈರ್ಯ ಮಾಡಿ ಎದ್ದು ನಿಂತಳು.

"ಸಾವ್ಕಾರ್ರ, ನಾವೂ ಇಲ್ಲೇ ದುಡೀತೀವಿ. ನಮಗ್ಯಾಕ ಹಾಲಿಲ್ಲ?"

ಚನ್ನವೀರಪ್ಪ ಸಿಟ್ಟಾಗಲಿಲ್ಲ. "ಅವರು ಮುಂಜಾನಿಂದ ಸಂಜಿತನ ಸೀಸ ಮುಟ್ತಾರವ್ವ. ಅದು ಮೈಗೆ ಕೆಟ್ಟದ್ದು. ಹಾಲು ಕುಡಿದ್ರ ಛಲೋ ಅಂತಾರ, ಅದಕ್ಕ ಕೊಡ್ತೀನಿ. ನಿಮ್ಮ ಕೆಲಸ ಕಾಗದದ್ದು."

ಜೈನಾಬಿಗೆ ಆ ಮಾತು ಒಪ್ಪಿಗೆಯಾಯಿತು. ಕೂರಲು ಹೊರಟವಳಿಗೆ ಮೇಜಿನ ಹಿಂದೆ ಹಾಲು ಕುಡಿಯುತ್ತಿದ್ದ ಮ್ಯಾನೇಜರ್ ಕಂಡ. ಅವನು ಸಾವ್ಕಾರರ ಹೆಂಡತಿಯ ತಮ್ಮ.

"ಹಂಗಾದ್ರ ಮ್ಯಾನೇಜರ್ ಸಾಹೇಬ್ರು ಯಾವ ಮೊಳಿ ಮುಟ್ತಾರ್ರಿ?"

ಮ್ಯಾನೇಜರ್ ಲೋಟ ಕುಕ್ಕಿದ. "ಬಾಳ ಮಾತಾಡ್ತಿ. ನಾಳಿಂದ ಕೆಲಸಕ್ಕ ಬರಬ್ಯಾಡ!"

ಜೈನಾಬಿಯ ಮನೆ ನಡೆಯುತ್ತಿದ್ದುದೇ ಈ ಹೊಲಿಗೆಯಿಂದ. ಆದರೂ ಬಾಯಿಗೆ ಬಂದ ಮಾತನ್ನು ನುಂಗಲಿಲ್ಲ.

"ದುರಗವ್ವ ಕಸ ಹೊಡೀತಾಳ. ನೆಲಕ್ಕ ಬಿದ್ದ ಮೊಳಿ ಎಲ್ಲಾ ಆಕೀನ ಆರಿಸಿ ತೊಳೀತಾಳ. ಆಕಿಗ್ಯಾಕ ಇಲ್ಲ?"

ಎಲ್ಲರ ಕೈಗಳೂ ನಿಂತವು. ಚನ್ನವೀರಪ್ಪ ದುರಗವ್ವ ಕಸ ಹೊಡೆಯುತ್ತಿದ್ದ ಮೂಲೆಗೆ ಹೋಗಿ, "ಎಲ್ಲಿ, ಕೈ ತೋರ್ಸವ್ವ" ಎಂದರು. ದುರಗವ್ವ ಹಿಂಜರಿಯುತ್ತ ಅಂಗೈ ಚಾಚಿದಳು. ಅದು ಮೊಳೆ ಜೋಡಿಸುವವರ ಕೈಯಷ್ಟೇ ಕಪ್ಪಾಗಿತ್ತು. ಹನ್ನೆರಡು ವರ್ಷ ಕಣ್ಣೆದುರೇ ಇದ್ದ ಆ ಕೈ ಅವರಿಗೆ ಕಂಡಿರಲಿಲ್ಲ.

"ತಪ್ಪು ನಂದ" ಎಂದರು. ಮೈದುನನ ಕಡೆ ತಿರುಗಿ, "ನಾಳಿಂದ ನಿನ್ನ ಹಾಲು ನಿನ್ನ ಮನ್ಯಾಗ ಕುಡಿ. ಜೈನಾಬಿ ಎಲ್ಲಿಗೂ ಹೋಗೂದಿಲ್ಲ" ಎಂದರು. ಆಮೇಲೆ ಸೀಮೆಸುಣ್ಣದಿಂದ ಬಾಗಿಲ ಮೇಲೆ ದೊಡ್ಡದಾಗಿ ಬರೆದರು: 'ಮೊಳೆ ಮುಟ್ಟುವವರೆಲ್ಲರಿಗೂ ಹಾಲು.'

ಮರುದಿನ ದುರಗವ್ವ ಲೋಟ ಹಿಡಿದು, ಒಂದೊಂದೇ ಗುಟುಕು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡಳು. ಜೈನಾಬಿಗೆ ಅಂದೂ ಹಾಲು ಸಿಗಲಿಲ್ಲ, ಮುಂದೆಯೂ ಸಿಗಲಿಲ್ಲ. ಆದರೆ ನಾಲ್ಕು ಗಂಟೆಯ ಕಹಿ ಮತ್ತೆ ಅವಳ ಬಳಿ ಸುಳಿಯಲಿಲ್ಲ. ಪ್ರೆಸ್ಸು ಮುಚ್ಚಿ ಎಷ್ಟೋ ವರ್ಷಗಳಾದರೂ, ದುರಗವ್ವನ ಆ ಮೊದಲ ಗುಟುಕನ್ನು ನೆನೆದರೆ ಮುದುಕಿ ಜೈನಾಬಿಯ ಮುಖ ಅರಳುತ್ತಿತ್ತು.

ನೀತಿ: ದುಡಿಸಿಕೊಳ್ಳುವವರು ಎಲ್ಲರಿಗೂ ಒಂದೇ ಸವಲತ್ತು ಕೊಡಬೇಕೆಂದಿಲ್ಲ. ಆದರೆ ಹೆಚ್ಚು ಕಡಿಮೆ ಮಾಡಿದರೆ ಅದಕ್ಕೆ ಕಾರಣ ಮಾಡುವ ಕೆಲಸವಾಗಿರಬೇಕು, ನೆಂಟಸ್ತನವಲ್ಲ. ಆ ಕಾರಣ ಎಲ್ಲರೆದುರು ಹೇಳುವಂಥದ್ದಾಗಿರಬೇಕು. ಅದೇ ಕೆಲಸ ಮಾಡುವ ಒಬ್ಬರೂ ಬಿಟ್ಟುಹೋಗಬಾರದು.