ವಾಸನೆಯಿಲ್ಲದ ಪುಡಿ

ಶಿಷ್ಯ ಚನ್ನವೀರ ಗುರುಗಳ ಮುಂದೆ ಕೂತು ಕೇಳಿದ: "ಧ್ಯಾನಕ್ಕೆ ಕೂತರೆ ಮನಸ್ಸು ತುಂಬುತ್ತದೆ ಗುರುಗಳೇ. ಮಠದ ಒಲೆಗೆ ಮರ ಕೊಯ್ಯುವುದು, ಕೊಯ್ದಾಗ ಬಿದ್ದ ಹೊಟ್ಟು ಗುಡಿಸುವುದು, ಇದರಲ್ಲಿ ನನಗೆ ಏನೂ ಸಿಗುತ್ತಿಲ್ಲ. ಗರಗಸ ಬೇರೆಯವರಿಗೆ ಕೊಡುತ್ತೀರಾ, ಇಲ್ಲಾ ನಾನು ನಾಳೆ ಹೊರಡಲೇ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಲ್ಲಿ ಊದುಬತ್ತಿ ಹೊಸೆಯುವ ಮನೆಯೊಂದಿತ್ತು. ಊರಮ್ಮನ ಗುಡಿಗೆ ಬತ್ತಿ ಕೊಡುವ ಸೇವೆ ಮುತ್ತಜ್ಜನ ಕಾಲದಿಂದ ಆ ಮನೆಯದೇ. ಒಂದು ವರ್ಷ ಪೂಜಾರಿ ಮೂಗು ಮುರಿದ. "ಪಕ್ಕದೂರಿನವರ ಬತ್ತಿ ಘಮಘಮ ಅನ್ನುತ್ತದೆ. ಈ ಹುಣ್ಣಿಮೆಗೆ ಎರಡನ್ನೂ ಹಚ್ಚುತ್ತೇನೆ. ನಿಮ್ಮದು ಸೋತರೆ ಸೇವೆ ಅವರಿಗೆ."

ಆ ಮನೆಯ ಹೊಸ ಸೊಸೆಗೆ ಅನ್ನ ಸೇರಲಿಲ್ಲ. ಇವಳು ಕಾಲಿಟ್ಟಳು, ಸೇವೆ ಹೋಯಿತು ಅಂತ ಜನ ಆಡಿಕೊಳ್ಳುವುದಿಲ್ಲವೇ? ಅತ್ತೆ ಕಲಸುವುದನ್ನೇ ನೋಡುತ್ತ ಕೂತಳು. ಗಂಧದೆಣ್ಣೆ ನಾಲ್ಕು ಹನಿ, ಹಾಲುಮಡ್ಡಿಯ ಅಂಟು ನಿಂಬೆಹಣ್ಣಿನಷ್ಟು. ಉಳಿದದ್ದೆಲ್ಲ ಬರಿಯ ಮರದ ಪುಡಿ. ಮೂಸಿದರೆ ಏನೂ ಇಲ್ಲ.

"ಅತ್ತೇ, ದೇವಿಗೂ ಕಲಬೆರಕೆಯೇ?"

"ದೇವಿ ಬಂದು ಕೇಳಲಿ, ಹೇಳುತ್ತೇನೆ. ನೀನು ಹೊಸೆ."

ಅತ್ತೆ ಇನ್ನಷ್ಟು ಬಿದಿರುಕಡ್ಡಿ ತರಲು ಹೋದದ್ದೇ ತಡ, ಸೊಸೆ ಆ ಪುಡಿಯನ್ನು ಮೂಲೆಗೆ ತಳ್ಳಿದಳು. ಇದ್ದ ಎಣ್ಣೆಯನ್ನೆಲ್ಲ, ಇದ್ದ ಅಂಟನ್ನೆಲ್ಲ ಕಲಸಿ ದೇವಿಗೆಂದು ಬೇರೆಯೇ ಬತ್ತಿ ಹೊಸೆದಳು. ನೆರಳಲ್ಲಿ ಆರಹಾಕಿದರೆ ಬೀದಿಯಲ್ಲಿ ಹೋಗುವವರು ನಿಂತು ಮೂಸಿ ಹೋದರು.

ಹುಣ್ಣಿಮೆ ಬಂತು. ಪೂಜಾರಿ ಎರಡೂ ಬತ್ತಿ ಹಚ್ಚಿದ. ಗುಡಿಯೆಲ್ಲ ಘಮ್ಮೆಂದಿತು. ಸೊಸೆಯ ಮುಖ ಅರಳಿತು. ಅಷ್ಟರಲ್ಲಿ ಅವಳ ಬತ್ತಿ ಚುರ್ ಅಂತು, ಕರಗಿ ಜೋತುಬಿತ್ತು, ಆರಿಹೋಯಿತು. ಮತ್ತೆ ಹಚ್ಚಿದ. ಮತ್ತೆ ಆರಿತು. ಪಕ್ಕದೂರಿನವರ ಬತ್ತಿ ಮಂಗಳಾರತಿ ಮುಗಿಯುವ ತನಕ ಉರಿಯಿತು. ಸೇವೆ ಅವರ ಪಾಲಾಯಿತು.

ಮನೆಗೆ ಬರುವಾಗ ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅತ್ತೆ ಬೈಯಲಿಲ್ಲ. "ಕೆಂಡ ಹಿಡಿದುಕೊಂಡು ಕೂರುವುದು ಆ ಪುಡಿಯೇ ಕಣೇ ತಾಯಿ. ಗಂಧಕ್ಕೆ ಅಷ್ಟು ತಾಳ್ಮೆ ಎಲ್ಲಿದೆ? ಕೇಳಿದಾಗಲೇ ಹೇಳಬೇಕಿತ್ತು ನಾನು," ಅಂದಳು.

ಕತೆ ನಿಂತಿತು. ಚನ್ನವೀರನಿಗೆ ಸೊಸೆಯ ಮೇಲೆ ಕನಿಕರ ಬಂತು.

"ಪಾಪ. ಅದೆಂಥ ಪುಡಿ ಗುರುಗಳೇ? ಎಲ್ಲಿ ಸಿಗುತ್ತದೆ?"

"ನೀನು ದಿನಾ ಗುಡಿಸಿ ಆಚೆ ಚೆಲ್ಲುತ್ತೀಯಲ್ಲ, ಅದೇ."